ಬೈಕ್ ಪ್ರಶ್ನೋತ್ತರ: ಆ ಸದ್ದು ಯಾವಾಗ ಬರುತ್ತೆ?

ಪ್ರಶ್ನೆ: ಸರ್, ಭಾನುವಾರ ಗಾಡಿ ತೊಳೆದೆ. ಅವತ್ತಿನಿಂದ ಎಬಿಎಸ್ ಲೈಟು ಆರುತ್ತಲೇ ಇಲ್ಲ. ಬ್ರೇಕ್ ಮಾತ್ರ ಚೆನ್ನಾಗಿಯೇ ಹಿಡಿಯುತ್ತಿದೆ. ಓಡಿಸಬಹುದಾ?

ಉತ್ತರ: ಓಡಿಸಬಹುದು, ಆದರೆ ನಿಧಾನಕ್ಕೆ. ನಿಮಗೆ ಈಗ ಬ್ರೇಕ್ ಇದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಮರಳು ಅಥವಾ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತೆ. ಅದು ನೆನಪಿರಲಿ.

ಕೀ ಹಾಕಿದ ತಕ್ಷಣ ಈ ಲೈಟು ಹತ್ತುವುದು ಸಹಜ. ಗಾಡಿ ಹೊರಟು ಸಾಮಾನ್ಯವಾಗಿ ಗಂಟೆಗೆ 5ರಿಂದ 10 ಕಿ.ಮೀ. ದಾಟಿದ ಮೇಲೆ ಆರಬೇಕು. ಆರದಿದ್ದರೆ ಚಕ್ರದ ಪಕ್ಕ ಕೂತು ನೋಡಿ. ಬ್ರೇಕ್ ಡಿಸ್ಕಿನ ಹತ್ತಿರ ಇನ್ನೊಂದು ತೆಳ್ಳನೆಯ ಬಳೆ ಇರುತ್ತೆ, ಅದರ ಸುತ್ತ ಒಂದೇ ಅಳತೆಯ ಕಿಂಡಿಗಳು. ಅದಕ್ಕೆ ಮುಖ ಮಾಡಿಕೊಂಡು ಬೆರಳ ತುದಿಯಷ್ಟು ದಪ್ಪದ ಕಪ್ಪು ಸೆನ್ಸರ್ ಕೂತಿರುತ್ತೆ. ಎರಡರ ನಡುವಿನ ಜಾಗ ತುಂಬಾ ಕಡಿಮೆ. ಅಲ್ಲಿ ಕೆಸರೋ ಕಬ್ಬಿಣದ ಪುಡಿಯೋ ಮೆತ್ತಿಕೊಂಡರೆ ಸೆನ್ಸರ್‌ಗೆ ಚಕ್ರದ ಲೆಕ್ಕ ಸರಿಯಾಗಿ ಸಿಗಲ್ಲ. ಮೆತ್ತಗಿನ ಬಟ್ಟೆಯಿಂದ ಒರೆಸಿ. ಬಳೆ ಸೊಟ್ಟ ಆಗಿದೆಯಾ, ಸೆನ್ಸರ್ ವೈರಿನ ಕಪ್ಲರ್ ಒಳಗೆ ನೀರು ನಿಂತಿದೆಯಾ ಅಂತಲೂ ನೋಡಿ.

ಇನ್ನೊಂದು ಮಾತು. ತೊಳೆದಾದ ಮೇಲೆ ಚೈನು ಒಣಗಲಿ ಅಂತ ಡಬಲ್ ಸ್ಟ್ಯಾಂಡ್ ಹಾಕಿ, ಗೇರಲ್ಲಿಟ್ಟು ಹಿಂದಿನ ಚಕ್ರ ತಿರುಗಿಸಿದ್ರಾ? ಹಿಂದಿನದು ಓಡ್ತಿದೆ, ಮುಂದಿನದು ನಿಂತಿದೆ ಅಂದರೆ ಎಬಿಎಸ್ ಕಂಪ್ಯೂಟರ್ ಏನೋ ಕೆಟ್ಟಿದೆ ಅಂತಲೇ ತಿಳಿಯುತ್ತೆ. ಕೀ ತೆಗೆದು, ಮತ್ತೆ ಹಾಕಿ ಸ್ವಲ್ಪ ದೂರ ಓಡಿಸಿ. ಅಷ್ಟೇ ಆಗಿದ್ದರೆ ಲೈಟು ಆರುತ್ತೆ. ಮುಂದೆ ಹಾಗೆ ಮಾಡಬೇಡಿ, ತಿರುಗುವ ಚೈನಿನ ಹತ್ತಿರ ಬಟ್ಟೆ ಹಿಡಿದು ಬೆರಳು ಕಳಕೊಂಡವರಿದ್ದಾರೆ.

ಪ್ರಶ್ನೆ: ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅನ್ನುತ್ತೆ, ಮೀಟರಿನ ಲೈಟೆಲ್ಲ ಒಮ್ಮೆ ಆರಿ ಮತ್ತೆ ಹತ್ತುತ್ತವೆ. ಸ್ಟಾರ್ಟ್ ಆದ ಮೇಲೆ ಹಳದಿ ಇಂಜಿನ್ ಲೈಟೂ ಉಳಿದುಕೊಳ್ಳುತ್ತೆ.

ಉತ್ತರ: ಎರಡು ಮೂರು ತೊಂದರೆ ಒಟ್ಟಿಗೆ ಬಂದರೆ ಮೊದಲು ಬ್ಯಾಟರಿ ನೋಡಿ. ಟರ್ಮಿನಲ್ ಬೋಲ್ಟನ್ನು ಬೆರಳಲ್ಲಿ ಅಲುಗಾಡಿಸಿ, ಅಲುಗಿದರೆ ಬಿಗಿ ಮಾಡಿ, ಬಿಳಿ ಪುಡಿ ಕಟ್ಟಿದ್ದರೆ ಉಜ್ಜಿ ತೆಗೆಯಿರಿ. ಆಮೇಲೆ ಮಲ್ಟಿಮೀಟರ್ ಇಡಿ. ಸುಮ್ನೆ ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತೆ. ಇಂಜಿನ್ ಓಡಿಸಿ ರೇಸ್ ಸ್ವಲ್ಪ ಏರಿಸಿದರೆ 13.5ರಿಂದ 14.5ರ ಒಳಗೆ ಬರಬೇಕು. ಏರದಿದ್ದರೆ ಚಾರ್ಜ್ ಆಗ್ತಿಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು, ಬ್ಯಾಟರಿಯೂ ಹಾಳಾಗುತ್ತೆ.

ಇದೆಲ್ಲ ಸರಿಯಿದ್ದೂ ಹಳದಿ ಲೈಟು ಉಳಿದರೆ ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದಿಸಿ. ಓದಿಸದೆ ಅಳಿಸಬೇಡಿ, ಕಾರಣ ಹುಡುಕಲು ಇರುವ ಸುಳಿವೇ ಅದು.

ಪ್ರಶ್ನೆ: ಓಡುವಾಗ ಕೆಳಗಿನಿಂದ ಕಟ ಕಟ ಅಂತ ಸದ್ದು. ಮೆಕ್ಯಾನಿಕ್ ಹತ್ತಿರ ಹೋದರೆ ಆ ಸದ್ದು ಬರಲ್ಲ! ಎಲ್ಲಿಂದ ಅಂತ ಹೇಗೆ ಹುಡುಕಲಿ?

ಉತ್ತರ: ಎಲ್ಲಿಂದ ಅಂತ ಕಿವಿಗೆ ಅಷ್ಟು ಸುಲಭಕ್ಕೆ ಗೊತ್ತಾಗಲ್ಲ. ಫ್ರೇಮು, ಟ್ಯಾಂಕು ಎಲ್ಲ ಸದ್ದನ್ನು ಹೊತ್ತುಕೊಂಡು ಬರುತ್ತವೆ. ಯಾವಾಗ ಬರುತ್ತೆ ಅಂತ ಗಮನಿಸಿ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗುವಾಗ ಆಕ್ಸಿಲೇಟರ್ ಬಿಟ್ಟು ಕ್ಲಚ್ ಹಿಡಿಯಿರಿ. ಇಂಜಿನ್ ವೇಗ ಇಳಿದರೂ ಸದ್ದು ಚಕ್ರದ ಜೊತೆಗೇ ಮುಂದುವರಿದರೆ ಅದು ಚೈನು, ಬೇರಿಂಗ್, ಬ್ರೇಕ್ ಇವುಗಳಲ್ಲಿ ಒಂದು. ಇಂಜಿನ್ ಜೊತೆ ಇಳಿದರೆ ಇಂಜಿನ್ ಕಡೆಯದು. ನಿಂತಲ್ಲಿ ನ್ಯೂಟ್ರಲ್‌ನಲ್ಲಿ ಗಡಗಡ ಅನ್ನುತ್ತಾ ಕ್ಲಚ್ ಹಿಡಿದರೆ ನಿಲ್ಲುವ ಸದ್ದು ಹೆಚ್ಚಾಗಿ ಕ್ಲಚ್ಚಿನ ಕಡೆಯದೇ. ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್‌ನಲ್ಲಿ ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ನೋಡಿಸಿ. ಇಷ್ಟು ಹೇಳಿದರೆ ಸಾಕು, ಸದ್ದು ಕೇಳಿಸದಿದ್ದರೂ ಒಳ್ಳೆ ಮೆಕ್ಯಾನಿಕ್ ಕೈ ನೇರವಾಗಿ ಅಲ್ಲಿಗೇ ಹೋಗುತ್ತೆ.

ನಿಮ್ಮದು ಚೈನು ಅಂತ ನನ್ನ ಅನುಮಾನ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಗಾಡಿ ನ್ಯೂಟ್ರಲ್ಲಿಗೆ ತಂದು ಹಿಂದಿನ ಚಕ್ರ ಕೈಯಲ್ಲಿ ನಿಧಾನ ತಿರುಗಿಸಿ. ಮೂರು ನಾಲ್ಕು ಕಡೆ ನಿಲ್ಲಿಸಿ ಚೈನನ್ನು ಮಧ್ಯದಲ್ಲಿ ಮೇಲೆ ಕೆಳಗೆ ಆಡಿಸಿ. ತುಂಬಾ ಗಾಡಿಗಳಲ್ಲಿ 25ರಿಂದ 35 ಮಿ.ಮೀ. ಆಟ ಇರಬೇಕು, ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅಂದರೆ ಚೈನು ಸಮವಾಗಿ ಸವೆದಿಲ್ಲ. ಚೈನು ಕೂರುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್‌ನ ಹಲ್ಲು ಕೊಕ್ಕೆ ಥರ ಬಾಗಿದ್ದರೆ ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ. ಸದ್ದು ಹೋಗಲಿ ಅಂತ ಚೈನನ್ನು ತಂತಿ ಥರ ಬಿಗಿ ಮಾಡಬೇಡಿ, ಗೇರ್‌ಬಾಕ್ಸ್ ಬೇರಿಂಗ್ ಮೇಲೆ ಭಾರ ಬೀಳುತ್ತೆ.

ಪ್ರಶ್ನೆ: ಟ್ಯಾಪೆಟ್ ಸದ್ದು ಪೂರ್ತಿ ಹೋಗುವ ಹಾಗೆ ಬಿಗಿ ಮಾಡಿಸಿದೆ. ಈಗ ಇಂಜಿನ್ ಸದ್ದಿಲ್ಲದೆ ಓಡುತ್ತೆ. ಸರಿ ಮಾಡಿದೆ ಅಲ್ವಾ?

ಉತ್ತರ: ಇಲ್ಲ, ದಯವಿಟ್ಟು ಮತ್ತೆ ಚೆಕ್ ಮಾಡಿಸಿ. ಟ್ಯಾಪೆಟ್ ಅಂದರೆ ಇಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಭಾಗ, ಅದಕ್ಕೆ ಸಣ್ಣ ಗ್ಯಾಪ್ ಬೇಕೇ ಬೇಕು. ಅದಿಲ್ಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಕೊನೆಗೆ ವಾಲ್ವ್ ಅಂಚು ಸುಟ್ಟುಹೋಗುತ್ತೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ಕೊಲ್ಲುತ್ತೆ. ಇಂಜಿನ್ ತಣ್ಣಗಿರುವಾಗ ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಹಾಕಿಯೇ ಅಳೆಯಲಿ, ಅಂದಾಜು ಬೇಡ.

ಪ್ರಶ್ನೆ: ಗಾಡಿ ನಿಲ್ಲಿಸಿದ ಮೇಲೆ ಟಿಣ್ ಟಿಣ್ ಅನ್ನುತ್ತೆ. ಕೀ ಹಾಕಿದರೆ ಎರಡು ಸೆಕೆಂಡ್ ಝುಂಯ್ ಅನ್ನುತ್ತೆ.

ಉತ್ತರ: ಮೊದಲನೆಯದು ಬಿಸಿಯಾದ ಲೋಹ ತಣ್ಣಗಾಗುವ ಸದ್ದು, ಎರಡನೆಯದು ಪೆಟ್ರೋಲ್ ಪಂಪು ಪ್ರೆಷರ್ ತುಂಬುವ ಸದ್ದು. ಎರಡೂ ಸರಿಯೇ. ಒಂದು ದಿನ ಆ ಝುಂಯ್ ಕೇಳಿಸದೆ ಗಾಡಿಯೂ ಸ್ಟಾರ್ಟ್ ಆಗದಿದ್ದರೆ ಪಂಪಿನ ಫ್ಯೂಸ್ ನೋಡಿ.

ಪ್ರಶ್ನೆ: ಆಯಿಲ್ ಲೈಟು ಕೆಂಪಗೆ ಹತ್ತಿತು. ಮನೆ ಎರಡೇ ಕಿ.ಮೀ. ಇತ್ತು, ಓಡಿಸಿಕೊಂಡು ಬಂದೆ. ಆಯಿಲ್ ಲೆವೆಲ್ ಸರಿಯಾಗಿದೆ. ಲೈಟು ಇನ್ನೂ ಇದೆ.

ಉತ್ತರ: ಇನ್ನು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಕೆಲವು ಗಾಡಿಯಲ್ಲಿ ಈ ಲೈಟು ಲೆವೆಲ್ ತೋರಿಸುತ್ತೆ, ಉಳಿದವುಗಳಲ್ಲಿ ಪ್ರೆಷರ್. ನಿಮ್ಮದು ಯಾವುದು ಅಂತ ಮ್ಯಾನ್ಯುಯಲ್ ನೋಡಿ. ಪ್ರೆಷರ್‌ದಾದರೆ, ಆಯಿಲ್ ಎಷ್ಟೇ ಇದ್ದರೂ ಪಂಪು ಅದನ್ನು ಮೇಲೆ ತಳ್ಳುತ್ತಿಲ್ಲ ಅಂದರೆ ಇಂಜಿನ್ ಒಳಗಿನ ಕ್ರ್ಯಾಂಕು, ಕ್ಯಾಮು ಅನ್ನುವ ದಂಡಗಳು ಒಣಗಿಯೇ ತಿರುಗುತ್ತವೆ. ಕೆಲವೇ ನಿಮಿಷದಲ್ಲಿ ಇಂಜಿನ್ ಹಿಡಿದುಕೊಳ್ಳಬಹುದು. ಸ್ವಿಚ್ಚೇ ಕೆಟ್ಟಿರಲೂಬಹುದು, ಆದರೆ ಗೇಜ್ ಹಾಕಿ ಪ್ರೆಷರ್ ಅಳೆಯುವವರೆಗೆ ಹಾಗೆ ಅಂದುಕೊಳ್ಳಬೇಡಿ. ಗಾಡಿಯನ್ನು ತಳ್ಳಿಕೊಂಡೋ, ಟೆಂಪೋದಲ್ಲಿ ಹಾಕಿಕೊಂಡೋ ಗ್ಯಾರೇಜಿಗೆ ಒಯ್ಯಿರಿ.