‘ತಾನೇ ಬಿದ್ದ’ ಅಂತ ಬರೆಸಿದ ಮೇಲೆ

ಮುಳಬಾಗಿಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನನ್ನ ತಮ್ಮನಿಗೆ 27 ವರ್ಷ. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಸಂಬಳ 18,000. ಎರಡು ತಿಂಗಳ ಹಿಂದೆ ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಕೋಲಾರ ದಾಟಿದ ಮೇಲೆ ಆಂಧ್ರದ ಟೊಮ್ಯಾಟೊ ಪಿಕಪ್ ಒಂದು ಹಿಂದಿನಿಂದ ಗುದ್ದಿತು. ಬಲಗಾಲು ಮುರಿದು ರಾಡ್ ಹಾಕಿದ್ದಾರೆ. ‘ಕೇಸು ಗೀಸು ಬೇಡ, ಖರ್ಚು ನಾನು ನೋಡ್ಕೊಳ್ತೀನಿ’ ಅಂದರು ಪಿಕಪ್ ಮಾಲೀಕರು. ಅವರ ಮಾತು ನಂಬಿ ಆಸ್ಪತ್ರೆಯಲ್ಲಿ ತಾನೇ ಬಿದ್ದ ಅಂತ ಬರೆಸಿದೆವು. ಮಾರನೆಯ ದಿನ 20,000 ಫೋನ್‌ಪೇ ಮಾಡಿದರು. ಈಗ ಫೋನ್ ಎತ್ತುವುದಿಲ್ಲ. ಖರ್ಚು ಎರಡು ಲಕ್ಷ ದಾಟಿದೆ. ತಮ್ಮನ ಹತ್ತಿರ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾತ್ರ ಇತ್ತು. ಇನ್ನು ಏನಾದರೂ ದಾರಿ ಇದೆಯಾ?”

ದಾರಿ ಇದೆ. ಆದರೆ ನೀವೇ ಅದರ ಮೇಲೆ ಒಂದು ಕಲ್ಲು ಇಟ್ಟಿದ್ದೀರಿ. ಮೊದಲು ಅದನ್ನು ಎತ್ತಬೇಕು.

ನಮ್ಮ ಭಾವಮೈದನ ಕೇಸಿನಲ್ಲಿ ನಾನು ಕೋರ್ಟಿನಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಎಕ್ಸ್‌ರೇ ನೋಡಲಿಲ್ಲ, ಬಿಲ್ಲಿನ ಕಟ್ಟನ್ನೂ ಮುಟ್ಟಲಿಲ್ಲ. ಆಸ್ಪತ್ರೆಯ ಮೊದಲ ಚೀಟಿ ತೆಗೆದರು. ಡಾಕ್ಟರ ಕೋಳಿಕಾಲು ಅಕ್ಷರದಲ್ಲಿ ‘ಸೆಲ್ಫ್ ಫಾಲ್’ ಅಂತ ಎರಡೇ ಪದ. ಅದನ್ನೇ ಮೂರು ಸಲ ಓದಿದರು. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಯಾರೋ ಸುಮ್ನೆ ಹೇಳಿದ ಮಾತು ಅದು. ಕಾಲು ಮುರಿದದ್ದನ್ನು ಅಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಯಾರಿಂದ ಮುರಿಯಿತು ಅನ್ನುವುದಷ್ಟೇ ಜಗಳ.

ಹಾಗಾಗಿ ಅಪಘಾತ ಯಾವ ಠಾಣೆಯ ಸರಹದ್ದಿನಲ್ಲಿ ಆಯಿತೋ ಅಲ್ಲಿಗೆ ಈ ವಾರವೇ ಹೋಗಿ ದೂರು ಕೊಡಿ. ತಡ ಯಾಕಾಯಿತು, ಆಸ್ಪತ್ರೆಯಲ್ಲಿ ಹಾಗೆ ಯಾಕೆ ಬರೆಸಿದಿರಿ, ಮಾಲೀಕರು ಏನು ಹೇಳಿದರು, ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಬರೆಯಿರಿ. ಮುಚ್ಚಿಡಬೇಡಿ, ಕಥೆ ಕಟ್ಟಬೇಡಿ. ತಡಕ್ಕೆ ಒಪ್ಪುವಂಥ ಕಾರಣ ಇದ್ದರೆ, ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ನೆಪಕ್ಕೆ ಪರಿಹಾರ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ.

ಇನ್ನು ಆ 20,000. ಅದನ್ನು ನೆನೆದು ನೀವು ಹೊಟ್ಟೆ ಉರಿದುಕೊಂಡಿದ್ದೀರಿ. ನನಗಂತೂ ಅದೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಪುರಾವೆ ಅನ್ನಿಸುತ್ತದೆ. ತಮ್ಮ ತಾನೇ ಬಿದ್ದಿದ್ದರೆ, ಗುರುತು ಪರಿಚಯ ಇಲ್ಲದ ಪಿಕಪ್ ಮಾಲೀಕರು ಮಾರನೆಯ ದಿನ ದುಡ್ಡು ಯಾಕೆ ಕಳಿಸುತ್ತಾರೆ? ಹೆಸರು, ತಾರೀಕು, ಹೊತ್ತು ಎಲ್ಲ ಅದರಲ್ಲೇ ಇದೆ. ಅವತ್ತಿನ ಕಾಲ್ ಲಿಸ್ಟ್, ವಾಟ್ಸಾಪ್ ಮಾತುಕತೆ, ಮೇಲೆತ್ತಿದವರ ಹೆಸರು ಕೂಡ ಜೋಡಿಸಿಕೊಳ್ಳಿ. ಅಲ್ಲಿ ಡಾಬಾ, ಪೆಟ್ರೋಲ್ ಬಂಕ್ ಇದ್ದರೆ ಸಿಸಿಟಿವಿ ಕೇಳಿ ನೋಡಿ. ಎರಡು ತಿಂಗಳಾಯಿತು, ಅಳಿಸಿಹೋಗಿರುವ ಸಂಭವವೇ ಜಾಸ್ತಿ. ಆದರೂ ಕೇಳಿ.

ಮಾಲೀಕರು ಯಾಕೆ ಹೆದರಿದರು ಅನ್ನುವುದನ್ನೂ ಯೋಚಿಸಿ. ವಿಮೆ ಚಾಲ್ತಿಯಲ್ಲಿದ್ದರೆ ದುಡ್ಡು ಕಟ್ಟುವುದು ಕಂಪನಿ, ಅವರಲ್ಲ. ವಿಮೆ ಮುಗಿದಿದ್ದರೆ ಅವರ ಜೇಬಿನಿಂದಲೇ ಹೋಗುತ್ತದೆ. ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪಿನಲ್ಲಿ ನೋಡಿ, ವಿಮೆ ಎಲ್ಲಿಯವರೆಗೆ ಇದೆ ಅಂತ ಬರುತ್ತದೆ. ಆಂಧ್ರದ ಗಾಡಿ ಅಂತ ಚಿತ್ತೂರಿಗೆ ಅಲೆಯಬೇಕಿಲ್ಲ. ಅಪಘಾತ ಆದ ಜಾಗದಲ್ಲಿ ಅಥವಾ ಗಾಯಾಳು ವಾಸ ಇರುವ ಕಡೆ ಕೇಸು ಹಾಕಬಹುದು. ವಾಹನ ಅಪಘಾತದ ಪರಿಹಾರ ಕೇಳುವ ಇಂಥ ಕೇಸನ್ನೇ ನಮ್ಮ ಕೋರ್ಟುಗಳಲ್ಲಿ ಎಂವಿಸಿ ಕೇಸು ಅನ್ನುವುದು.

ಈ ಕೇಸು ಹಾಕಲು ಗಡುವು ಅಪಘಾತ ಆದ ದಿನದಿಂದ ಆರು ತಿಂಗಳು. 2022ರ ಏಪ್ರಿಲ್ 1ರಿಂದ ಈ ಮಿತಿ ಬಂದಿದೆ. ಇದನ್ನು ಪ್ರಶ್ನಿಸಿದವರೂ ಇದ್ದಾರೆ. ನೀವು ಆ ಕಡೆ ನೋಡುತ್ತಾ ಕೂರಬೇಡಿ, ನಿಮಗೆ ಉಳಿದಿರುವುದು ನಾಲ್ಕು ತಿಂಗಳು.

ಎಲ್‌ಎಲ್‌ಆರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಲೈಸೆನ್ಸ್ ಇಲ್ಲದ್ದು ಬೇರೆ ತಪ್ಪು, ದಂಡ ಬೀಳಬಹುದು. ಆದರೆ ಲೈಸೆನ್ಸ್ ಇರಲಿಲ್ಲ ಅಂದಮಾತ್ರಕ್ಕೆ ಅಪಘಾತಕ್ಕೆ ಅವನೂ ಕಾರಣ ಅಂತ ಆಗುವುದಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಎಷ್ಟು ಬರಬಹುದು? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಅಲ್ವಾ? ಡಾಕ್ಟರು ಕಾಲಿಗೆ 30 ಪರ್ಸೆಂಟ್ ಊನ ಅಂತ ಬರೆದರು ಅಂದುಕೊಳ್ಳಿ. ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು, ಅಂದರೆ 10 ಅಂತ ಹಿಡಿಯುವುದು ನಮ್ಮ ಕಡೆ ರೂಢಿ. 18,000 ಸಂಬಳ, ವರ್ಷಕ್ಕೆ 2,16,000. ಇದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ, ಅದೇ ಗುಣಕ. 26ರಿಂದ 30 ವಯಸ್ಸಿನವರಿಗೆ ಅದು 17. ಗುಣಿಸಿ ಬಂದದ್ದರಲ್ಲಿ 10 ಪರ್ಸೆಂಟ್ ಅಂದರೆ 3,67,200. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಆಸ್ಪತ್ರೆ ಬಿಲ್ಲು, ಮನೆಯಲ್ಲಿ ಕೂತ ತಿಂಗಳುಗಳ ಸಂಬಳ, ನೋವಿಗೆ ಪರಿಹಾರ ಬೇರೆ.

ಈ 10 ಕಲ್ಲಿನ ಮೇಲೆ ಬರೆದದ್ದೇನೂ ಅಲ್ಲ. ಕೂತು ಬರೆಯುವವನ ಕಾಲು ಬೇರೆ, ಎಂಟು ಗಂಟೆ ಲೈನಿನಲ್ಲಿ ನಿಲ್ಲುವವನ ಕಾಲು ಬೇರೆ. ಎಷ್ಟು ಮುರಿಯಿತು ಅನ್ನುವುದಕ್ಕಿಂತ ಎಷ್ಟು ದುಡಿಮೆ ಹೋಯಿತು ಅನ್ನುವುದನ್ನು ಕೋರ್ಟ್ ನೋಡಬೇಕು. ನಿಂತು ಮಾಡುವ ಕೆಲಸ ಅಂತ ಫ್ಯಾಕ್ಟರಿಯಿಂದ ಪತ್ರ ಬರೆಸಿಕೊಳ್ಳಿ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಮುಂದೆ ರಾಡ್ ತೆಗೆಯಬೇಕಾದರೆ ಅದರ ಖರ್ಚನ್ನೂ ಡಾಕ್ಟರ ಕೈಯಲ್ಲಿ ಬರೆಸಿ.

ಆಸ್ಪತ್ರೆ ಬಾಗಿಲಲ್ಲಿ “ಕೇಸು ನಾವು ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪಾಲು” ಅನ್ನುವವರು ಸಿಗುತ್ತಾರೆ. ಬಂದ ಪರಿಹಾರದಲ್ಲಿ ಇಷ್ಟು ಅಂತ ಫೀಸು ಗೊತ್ತುಮಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ವಿಮೆ ಇರುವ ಬೇರೆ ಗಾಡಿ ತೋರಿಸೋಣ ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಆಮೇಲೆ ಆರೋಪಿ ಆಗುವುದು ನಿಮ್ಮ ತಮ್ಮ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಆದಾಯ ಕಡಿಮೆ ಇರುವವರಿಗೆ, ಪರಿಶಿಷ್ಟರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಮುಂದೆ ಲೋಕ ಅದಾಲತ್‌ನಲ್ಲಿ ರಾಜಿ ಮಾತು ಬಂದರೆ ಲೆಕ್ಕ ಹಾಕಿಯೇ ಒಪ್ಪಿ. ಅಲ್ಲಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ.

ಠಾಣೆಗೆ ಹೊರಡುವ ಮೊದಲು ಆ ಫೋನ್‌ಪೇ ಸ್ಕ್ರೀನ್‌ಶಾಟನ್ನು ಎರಡು ಪ್ರಿಂಟ್ ತೆಗೆಸಿ. ಒಂದು ದೂರಿನ ಜೊತೆಗೆ, ಇನ್ನೊಂದು ವಕೀಲರಿಗೆ. ತಮ್ಮನ ಹಳೆಯ ಫೋನನ್ನು ಸದ್ಯಕ್ಕೆ ಎಕ್ಸ್‌ಚೇಂಜಿಗೆ ಹಾಕಬೇಡಿ.