ನನ್ನೊಳಗಿನ ಶಕ್ತಿಯನ್ನು ಹೊರತಂದು ನಾಲ್ಕು ಜನರಿಗೆ ಉಪಯೋಗವಾಗುವುದು ಹೇಗೆ?

ಅಕೌಂಟ್ಸ್ ಕೆಲಸದಲ್ಲೇ ದಿನ ಕಳೆದುಹೋಗುತ್ತಿದೆ, ಮೊದಲು ನನ್ನಲ್ಲಿರುವ ಶಕ್ತಿ ಯಾವುದು ಅಂತ ತಿಳಿದುಕೊಂಡು ಆಮೇಲೆ ಜನರಿಗೆ ಏನಾದರೂ ಮಾಡಬೇಕು ಅಂತ ಬರೆದಿದ್ದೀರಿ. ನನಗನಿಸುವುದು, ಇದನ್ನು ಹಿಂದುಮುಂದು ಮಾಡಿ. ಮೊದಲು ಯಾರಿಗೋ ಬೇಕಾದ ಒಂದು ಕೆಲಸ ಹಿಡಿಯಿರಿ. ನಿಮ್ಮಲ್ಲಿ ಏನಿದೆ ಅನ್ನೋದು ಮಾಡ್ತಾ ಮಾಡ್ತಾ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರ ಬದುಕು ನೋಡಿ. 14ನೇ ವಯಸ್ಸಿನಲ್ಲಿ ಅವರಿಗೆ ಎದೆಯ ದೊಡ್ಡ ಆಪರೇಷನ್ ಆಯಿತು, ಯಾರ್ಯಾರೋ ಕೊಟ್ಟ ರಕ್ತದಿಂದ ಉಳಿದುಕೊಂಡರು. ನಾನೂ ಕೊಡಬೇಕು ಅಂತ ಆಗಲೇ ಮನಸ್ಸು ಮಾಡಿ, ವಯಸ್ಸು ತುಂಬಿದ ಮೇಲೆ 1954ರಲ್ಲಿ ಶುರು ಮಾಡಿದರು. ಸೂಜಿ ಅಂದರೆ ಅವರಿಗೆ ಭಯ, ಚುಚ್ಚುವಾಗ ಮುಖ ಆಚೆ ತಿರುಗಿಸುತ್ತಿದ್ದರು! ಅವರ ರಕ್ತದಲ್ಲಿ ಅಪರೂಪದ ಆಂಟಿಬಾಡಿ, ಅಂದರೆ ದೇಹಕ್ಕೆ ಹೊರಗಿನದನ್ನು ಎದುರಿಸುವ ಪ್ರೋಟೀನ್, ಇದೆ ಅಂತ ಡಾಕ್ಟರುಗಳಿಗೆ ಗೊತ್ತಾಗಿದ್ದು ವರ್ಷಗಳಾದ ಮೇಲೆ. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್, ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಆದರೆ, ತಾಯಿಯ ದೇಹವೇ ಮಗುವಿನ ರಕ್ತದ ಮೇಲೆ ತಿರುಗಿಬೀಳಬಹುದು, ಮುಂದಿನ ಮಗುವಿಗೆ ಜೀವಕ್ಕೇ ಅಪಾಯ. ಅದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ ಮಾಡೋಕೆ ಅವರ ಪ್ಲಾಸ್ಮಾ (ರಕ್ತದ ದ್ರವ ಭಾಗ) ಬಳಕೆಯಾಯಿತು. 2018ರವರೆಗೆ, 81 ವಯಸ್ಸು ಆಗುವ ತನಕ, ಅವರು ಕೊಟ್ಟಿದ್ದು 1,173 ಸಲ. ಸುಮಾರು 24 ಲಕ್ಷ ಮಕ್ಕಳಿಗೆ ಅದರಿಂದ ನೆರವಾಯಿತು ಅನ್ನೋದು ಅಲ್ಲಿನ ರಕ್ತದಾನ ಸೇವೆಯ ಅಂದಾಜು. ಅಷ್ಟು ದೊಡ್ಡ ಶಕ್ತಿ ಅವರೊಳಗೇ ಇತ್ತು, ನಿಜ, ಆದರೆ ಕೊಡೋಕೆ ಹೋಗದಿದ್ದರೆ ಅದು ಅವರಿಗೇ ತಿಳಿಯುತ್ತಿರಲಿಲ್ಲ ಅಲ್ವಾ?

ಎಲ್ಲರ ರಕ್ತದಲ್ಲೂ ಅಂಥದ್ದು ಇರುವುದಿಲ್ಲ. ನನ್ನದು ತೀರಾ ಸಣ್ಣ ವಿಷಯ: ಒಂದೇ ಲೆಕ್ಕವನ್ನು ಬೇರೆ ಬೇರೆ ದಾರಿಯಲ್ಲಿ, ಮಗುವಿಗೆ ಅರ್ಥವಾಗುವ ತನಕ ಹೇಳುವ ತಾಳ್ಮೆ ನನಗಿದೆ ಅಂತ ಗೊತ್ತಾಗಿದ್ದು ಮಕ್ಕಳಿಗೆ ಪಾಠ ಹೇಳೋಕೆ ಕೂತ ಮೇಲೆಯೇ. ಅದು ನನಗೆ ತುಂಬಾ ಖುಷಿ ಕೊಟ್ಟಿದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರ. 'ನನ್ನ ಕೈಲಾಗುತ್ತದೆ' ಅನ್ನುವ ನಂಬಿಕೆ ಬೇರೆಯವರನ್ನು ನೋಡಿ ಬರುತ್ತದೆ, ಅವರು ಹುರಿದುಂಬಿಸಿದರೂ ಬರುತ್ತದೆ, ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ನಾವೇ ಒಂದು ಕೆಲಸ ಮಾಡಿ ಮುಗಿಸಿದಾಗ. ಅದಕ್ಕೇ ಹೇಳ್ತೀನಿ, ಧೈರ್ಯ ಬರಲಿ ಅಂತ ಸುಮ್ನೆ ಕಾಯಬೇಡಿ, ಮತ್ತೆ ಮೊದಲ ಕೆಲಸ ಸಣ್ಣದಿರಲಿ, ಮುಗಿಯುವಂಥದ್ದಿರಲಿ. ಜಗತ್ತನ್ನೇ ಬದಲಾಯಿಸುತ್ತೇನೆ ಅಂತ ಹೊರಟರೆ ಯಾವುದೂ ಮುಗಿಯುವುದಿಲ್ಲ, ಉತ್ಸಾಹವೂ ಉಳಿಯುವುದಿಲ್ಲ.

ನಿಮಗೆ ಲೆಕ್ಕಪತ್ರ ಗೊತ್ತಿದೆ, ಅದು ಕಡಿಮೆ ವಿದ್ಯೆಯಲ್ಲ. ಸಣ್ಣ ವ್ಯಾಪಾರ ಮಾಡುವವರು, ಸೇವಾ ಸಂಸ್ಥೆ ನಡೆಸುವವರು ಎಷ್ಟೋ ಜನ ಲೆಕ್ಕ ಬರೆಯಲು ಬಾರದೆ ಒದ್ದಾಡುತ್ತಾರೆ. ಅಂಥ ಒಬ್ಬರನ್ನು ಈ ವಾರ ಮಾತಾಡಿಸಿ, 'ನಿಮಗೆ ಯಾವುದು ಜಾಸ್ತಿ ತಲೆನೋವು?' ಅಂತ ಕೇಳಿ. ನಿಮಗೆ ತೋಚಿದ್ದನ್ನಲ್ಲ, ಅವರು ಹೇಳಿದ್ದನ್ನೇ ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಅಲ್ಲೇ ಹೇಳಿಬಿಡಿ.