ದೀಪ ಹಚ್ಚಿದವರು ಯಾರು?

ನಮಸ್ಕಾರ.

ಕಲ್ಲಿದ್ದಲ ಗ್ಯಾಸಿನಿಂದ ಕಲ್ಕತ್ತೆಯ ಬೀದಿದೀಪ ಉರಿಸಿದ ಓರಿಯೆಂಟಲ್ ಗ್ಯಾಸ್ ಕಂಪನಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಶ್ರದ್ಧೆಯಿಂದ ಓದಿಕೊಂಡಿದ್ದೀರಿ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ.

‘1857ರಲ್ಲಿ ಕಲ್ಕತ್ತೆಯ ಬೀದಿಗಳು ಹಾಲು ಚೆಲ್ಲಿದಂಥ ಬೆಳಕಿನಲ್ಲಿ ಮಿಂದವು’ ಅಂತ ಬರೆದಿದ್ದೀರಿ. ಈ ಬಿಳಿ ಬೆಳಕನ್ನು ಎಲ್ಲಿಂದ ತಂದಿರಿ? ನಮ್ಮ ಕಡೆ ಜಾತ್ರೆ, ಬಯಲಾಟಕ್ಕೆ ಹಚ್ಚುತ್ತಿದ್ದ ಗ್ಯಾಸ್‌ಲೈಟಿನಿಂದ ಅಲ್ವಾ? ಅದರಲ್ಲಿ ಉರಿಯುವುದು ಸೀಮೆಎಣ್ಣೆಯ ಆವಿ. ಬೆಳ್ಳಗೆ ಹೊಳೆಯುವುದು ಮ್ಯಾಂಟಲ್, ಅಂದರೆ ಜ್ವಾಲೆಗೆ ಕಟ್ಟುವ ಬಲೆಯಂಥ ಚೀಲ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಆ ಮ್ಯಾಂಟಲ್ಲಿಗೆ ಪೇಟೆಂಟ್ ಪಡೆದದ್ದೇ 1885ರಲ್ಲಿ. 1857ರ ಕಂಬದ ಮೇಲೆ ಇದ್ದದ್ದು ಬರೀ ಜ್ವಾಲೆ, ಹಳದಿ ಜ್ವಾಲೆ. ಎಣ್ಣೆ ದೀಪ ನೋಡಿದ ಕಣ್ಣಿಗೆ ಅದೇ ಜಾಸ್ತಿ. ಆ ಹಳದಿಯನ್ನೇ ಬರೆಯಿರಿ.

ಮುಂದಿನ ಸಾಲು: ‘ಕಲ್ಲಿದ್ದಲಿನಿಂದ ಅನಿಲ ಉತ್ಪಾದಿಸಲಾಯಿತು, ಕೊಳವೆಗಳಲ್ಲಿ ಹರಿಸಲಾಯಿತು, ದೀಪಗಳನ್ನು ಬೆಳಗಿಸಲಾಯಿತು.’ ಮೂರು ಕೆಲಸ ಆಯಿತು, ಮಾಡಿದವರು ಒಬ್ಬರೂ ಇಲ್ಲ! ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. ಇಂಥ ಸಾಲು ಕಂಡರೆ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ‘ಯಾರು?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಆಲೆಮನೆ ಬಗ್ಗೆ ಬರೆಯಲು ಮಂಡ್ಯದ ಕಡೆ ಕಳಿಸಿದಾಗ, ‘ಯಜಮಾನನನ್ನು ಆಮೇಲೆ ಮಾತಾಡಿಸು, ಮೊದಲು ಒಲೆ ಉರಿಸುವವನ ಪಕ್ಕ ಕೂತ್ಕೋ’ ಅಂದಿದ್ದರು. ಕೂತೆ. ಅವನು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳಿದಾಗಲೆಲ್ಲ ಮುಖಕ್ಕೆ ರಪ್ಪನೆ ಝಳ ಹೊಡೆಯುತ್ತಿತ್ತು. ಬರೆಯುವುದು ಅಲ್ಲಿಂದ ಶುರುವಾಯಿತು.

ಗ್ಯಾಸ್ ಕಾರ್ಖಾನೆಯ ಒಲೆ ಇನ್ನೂ ಕಷ್ಟದ್ದು. ರಿಟಾರ್ಟ್ ಅನ್ನುವ ಗಾಳಿಯಾಡದ ಪಾತ್ರೆಯೊಳಗೆ ಕಲ್ಲಿದ್ದಲು ಕಾಯಿಸಬೇಕು. ಗ್ಯಾಸು ಬಿಟ್ಟ ಮೇಲೆ ಉಳಿಯುವ ಕಲ್ಲಿದ್ದಲನ್ನು, ಅಂದರೆ ಕೆಂಪಗೆ ಕಾದ ಕೋಕನ್ನು, ಯಾರೋ ಒಬ್ಬ ಹೊರಗೆಳೆದು, ಮತ್ತೆ ಕಲ್ಲಿದ್ದಲು ತುಂಬಬೇಕು. ಟಾರು ಬೇರೆ ಮಾಡಬೇಕು. ಕೊಳೆತ ಮೊಟ್ಟೆಯ ನಾತ ಹೋಗಲು ಗ್ಯಾಸನ್ನು ಸುಣ್ಣದ ಮೂಲಕ ಹಾಯಿಸಬೇಕು. ಸಂಜೆಯಾದರೆ ಹೆಗಲ ಮೇಲೆ ಏಣಿ ಹೊತ್ತವನು ಕಂಬದಿಂದ ಕಂಬಕ್ಕೆ ಹೋಗಿ, ಮೇಲೇರಿ ದೀಪ ಹಚ್ಚಬೇಕು. ಇವರ್ಯಾರೂ ನಿಮ್ಮ ಲೇಖನದಲ್ಲಿಲ್ಲ. 1853ರಲ್ಲಿ ಲಂಡನ್ನಿನಲ್ಲಿ ಕೂತು ಕಂಪನಿ ಕಟ್ಟಿದವರಿಗೆ ಮಾತ್ರ ಇಡೀ ಒಂದು ಪುಟ.

1960ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಕಾಯ್ದೆ ತಂದು ಕಂಪನಿಯನ್ನು ವಹಿಸಿಕೊಂಡ ಭಾಗ ಹಾಗೇ ಇರಲಿ. ಎರಡನೇ ಪುಟವನ್ನು ಮೊದಲಿಂದ ಬರೆದು ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.